ಅಮಲ್ಜಾರಿ

ಹೊನ್ನಗಂಗಮ್ಮ ಕೋಂ ಲೇಟ್ ಬೋರಲಿಂಗಯ್ಯ,
ಟೋಕನ್ ನಾನೂರ ಹದಿನೇಳು, ಕಾಲರ್ ಸೆಕ್ಷನ್.
ನನ್ನ ಹೆಸರು ಇಷ್ಟುದ್ದ ಇದೆಯೆಂದು ನನಗೇ ಗೊತ್ತಾದದ್ದು
ಬನ್ನೇರುಘಟ್ಟ ರಸ್ತೆಯ ಕೋರ್ಟಿನಲ್ಲಿ
ಜವಾನ ಮೂರು ಸಲ ಕೂಗಿದಾಗ.

ನಡೆದದ್ದು ಇಷ್ಟೇ:
ಗಂಟೆಗೆ ನೂರಿಪ್ಪತ್ತು ಕಾಲರು, ನಾನು ತೊಂಬತ್ತೆಂಟು.
ಸೂಪರ್‌ವೈಸರು ಬಂಡಲನ್ನು ಮುಖಕ್ಕೆ ಎಸೆದ.
ನಾನು ವಾಪಸ್ ಎಸೆದೆ.
ಒಂದೇ ಬಂಡಲು, ಎರಡು ಎಸೆತ,
ಅವನಿಗೆ ಬಡ್ತಿ, ನನಗೆ ವಜಾ.
ಯಾರು ಮೊದಲು ಎಸೆದದ್ದು ಅನ್ನುವುದಕ್ಕೆ
ಆರು ವರ್ಷ ಹಿಡಿಯಿತು.

ಐತೀರ್ಪು ಓದಿ ಹೇಳಿದರು ವಕೀಲ ಶಿವನಂಜಯ್ಯ:
‘ಅದೇ ಹುದ್ದೆಗೆ ಸೇರಿಸಿಕೊಳ್ಳತಕ್ಕದ್ದು.
ಸೇವೆ ನಿರಂತರವೆಂದು ಭಾವಿಸತಕ್ಕದ್ದು.
ಹಿಂಬಾಕಿ ವೇತನ ಅರ್ಧ ಕೊಡತಕ್ಕದ್ದು.’
ತಕ್ಕದ್ದು, ತಕ್ಕದ್ದು!
ಇಟ್ಟಿಗೆಯಂಥ ಮಾತು ಅಂದುಕೊಂಡು
ಮೈಸೂರು ರಸ್ತೆಯ ಗೇಟಿಗೆ ಹೊತ್ತುಕೊಂಡು ಹೋದೆ.
ವಾಚ್‌ಮ್ಯಾನು ಹಾಳೆ ತಿರುವಿ ಹಿಂದೆ ಏನೂ ಇಲ್ಲವೆಂದು ನೋಡಿ
‘ಎಚ್ಚಾರು ಊಟಕ್ಕೆ ಹೋಗವ್ರೆ’ ಅಂದ.
ಒಂಬತ್ತು ಸಲ ಹೋದೆ. ಒಂಬತ್ತು ಸಲವೂ ಊಟ.
ಬೆಳಿಗ್ಗೆ ಹತ್ತಕ್ಕೂ ಊಟ, ಸಂಜೆ ನಾಲ್ಕಕ್ಕೂ ಊಟ.
ನಾವು ಸಾವಿರ ಜನ ಹೊಲಿದದ್ದೆಲ್ಲ
ಆ ಒಂದು ಹೊಟ್ಟೆಗೇ ಹೋಗುತ್ತಿತ್ತೋ ಏನೋ.

ಸೇವೆ ನಿರಂತರ.
ಹಾಗಾದರೆ ಕಾನೂನಿನ ಲೆಕ್ಕದಲ್ಲಿ
ಒಬ್ಬ ಹೊನ್ನಗಂಗಮ್ಮ ಆ ಸ್ಟೂಲಿನಿಂದ ಏಳಲೇ ಇಲ್ಲ.
ಕೆಂಗೇರಿಯ ಮೂರು ಮನೆಗಳ ಪಾತ್ರೆ ತಿಕ್ಕಿದ್ದು,
ಛತ್ರದಲ್ಲಿ ಎಲೆ ಎತ್ತಿದ್ದು,
ವಿಕ್ಟೋರಿಯಾದ ವರಾಂಡದಲ್ಲಿ ಅವರ ಕಾಲು ಹಿಡಿದು ಕೂತದ್ದು
ಅವಳಲ್ಲ.
ಅವಳಿಗೆ ಪಿಎಫ್ ಬೆಳೆದಿದೆ. ವರ್ಷಕ್ಕೊಂದು ಬೋನಸ್ಸು.
ಅವಳ ಗಂಡನಿಗೆ ಇಎಸ್ಐ ಕಾರ್ಡಿತ್ತು.
ನಿಜ ಹೇಳಬೇಕೆಂದರೆ
ಅವಳ ಮೇಲೆ ನನಗೆ ಹೊಟ್ಟೆಕಿಚ್ಚು.

ಕೊನೆಗೆ ಅಮಲ್ಜಾರಿ ಅರ್ಜಿ.
ವಾರಂಟು ಹಿಡಿದು ಅಮೀನರು ಬಂದರು, ಖಲೀಲುಲ್ಲಾ ಸಾಹೇಬರು,
ಆಟೋ ಚಾರ್ಜು ನನ್ನದೇ.
ಗೇಟಿನ ಮೇಲೆ ಬೇರೆ ಹೆಸರಿನ ಬೋರ್ಡು,
ಹಳೆಯ ಅಕ್ಷರ ಕಿತ್ತ ಜಾಗ ಮಾತ್ರ
ಬಳೆ ತೆಗೆದ ಕೈಯ ಹಾಗೆ ಬೆಳ್ಳಗಿತ್ತು.
‘ಆ ಕಂಪನಿ ಈಗಿಲ್ಲ’ ಅಂದ ವಾಚ್‌ಮ್ಯಾನು.
‘ಗೋಡೆ ಇದೆಯಲ್ಲಪ್ಪ’ ಅಂದು ಸಾಹೇಬರು ಒಳಗೆ ನಡೆದರು.

ಚರಾಸ್ತಿ ಪಟ್ಟಿ: ಫ್ಯಾನು ಇಪ್ಪತ್ತು. ಇಸ್ತ್ರಿ ಮೇಜು ಆರು.
ಮೂರನೇ ಸಾಲಿನಲ್ಲಿ ನನ್ನ ಮಿಷಿನ್ನು.
ಪಕ್ಕೆಗೆ ನಾನು ಅಂಟಿಸಿದ್ದ ಬಿಂದಿ, ಎಣ್ಣೆ ಕುಡಿದು ಕಪ್ಪಾಗಿ, ಇನ್ನೂ ಅಲ್ಲೇ.
ಹೊಲಿಯುತ್ತಿದ್ದ ಹುಡುಗಿ ಒಡಿಶಾದವಳು, ಹತ್ತೊಂಬತ್ತಿರಬಹುದು,
ಏನು ತಿಳಿಯಿತೋ, ಎದ್ದಳು,
ದುಪಟ್ಟಾದ ತುದಿಯಿಂದ ಸ್ಟೂಲು ಒರೆಸಿದಳು.
‘ಇದನ್ನ ಬರೀಲಾ ತಾಯಿ? ಎಂಟು ಸಾವಿರ ಬರತ್ತೆ.’
ಬರೆದರೆ ನಾಳೆ ಅವಳಿಗೂ ಒಂದು ವಕೀಲ ಬೇಕು.
‘ಬೇಡಿ ಸಾಹೇಬ್ರೆ, ಆಫೀಸಿನ ಏಸಿ ಬರ್ಕೊಳಿ’ ಅಂದೆ.
ಏಸಿಯ ತಿರುಪು ಬಿಚ್ಚುವ ಸದ್ದಿಗೆ
ಎಚ್ಚಾರು ಓಡಿ ಬಂದ,
ಬೆರಳಲ್ಲಿ ಇನ್ನೂ ಮೊಸರನ್ನ.
ಪಾಪ, ಅವತ್ತು ನಿಜಕ್ಕೂ ಊಟಕ್ಕೆ ಕೂತಿದ್ದನಂತೆ.

ಚೆಕ್ಕು ಸಿಕ್ಕಿತು. ಕೆಲಸ?
ಸಾಹೇಬರು ಪೆನ್ನು ಜೇಬಿಗಿಟ್ಟು ಹೇಳಿದರು:
‘ಏಸಿನ ನಾನು ಹೊತ್ಕೊಂಡು ಹೋಗಬಹುದು ತಾಯಿ,
ನಿಮ್ಮನ್ನ ಒಳಗೆ ಹೊತ್ತು ತಂದು ಕೂರಿಸೋಕೆ ನನ್ನ ವಾರಂಟಲ್ಲಿಲ್ಲ.’
ಅದಕ್ಕೆ ಇನ್ನೊಂದು ಅರ್ಜಿ, ಇನ್ನೊಂದು ಮಳೆಗಾಲ.

ಈ ಸೋಮವಾರ ಎಂಟೂಮುಕ್ಕಾಲಿಗೆ
ಗೇಟು ತೆರೆದರು.
ಹಾಜರಿಯ ಡಬ್ಬಿಗೆ ಹೆಬ್ಬೆರಳು ಇಟ್ಟೆ.
ಸಬೀನ ತಿಂದ ಬೆರಳು, ಗೆರೆಗಳೆಲ್ಲ ಸವೆದಿವೆ.
‘ಪ್ಲೀಸ್ ಟ್ರೈ ಅಗೈನ್’ ಅಂತು ಒಳಗಿನ ಹೆಂಗಸು.
ಹಿಂದೆ ನಿಂತವರು ಗೊಣಗಿದರು.
ಸೆರಗಿಗೆ ಬೆರಳು ಒರೆಸಿ
ಮತ್ತೆ ಇಟ್ಟೆ.