ಎರಡು ಕೊಡೆ ಅಗಲ

ಅವಳ ಚಿತ್ರದಲ್ಲಿ ಯಾವಾಗಲೂ ಬಿಸಿಲು.
ಬೆಂಚಿನ ಮೇಲೊಬ್ಬ ಹುಡುಗ, ಕೈಯಲ್ಲಿ ಬಲೂನು,
ಯಾವ ಜಾತಿಯದೆಂದು ಹೇಳಲಾಗದ ಮರ.
ನನ್ನ ನಕ್ಷೆಯಲ್ಲಿ ಮನುಷ್ಯರೇ ಇಲ್ಲ.
ಮೂರು ಗೆರೆ, ಒಂದು ಬಾಣ,
ನಲವತ್ತಕ್ಕೆ ಒಂದು ಇಳಿಜಾರು.

ವಿರಾಜಪೇಟೆಯ ಮೀನುಪೇಟೆ ತಿರುವಿನಲ್ಲಿ
ಪುರಸಭೆ ಜೀಪಿನ ಬಾನೆಟ್ಟಿನ ಮೇಲೆ
ಎರಡೂ ಹಾಳೆ ಹಾಸಿ, ಮೂಲೆಗೊಂದು ಜಲ್ಲಿಕಲ್ಲಿಟ್ಟು
ಜಗಳಕ್ಕೆ ನಿಂತೆವು.

ಇಷ್ಟಗಲ ಕಾಲುದಾರಿ ಕೊಟ್ಟರೆ
ಬಸ್ಸೇನು ಹಾರಿ ಹೋಗಬೇಕಾ, ಬೊಳ್ಳಮ್ಮ?

ಬಸ್ಸು ದಿನಕ್ಕೆ ಮೂವತ್ತೆಂಟು ಸಲ, ನಿನ್ನೆ ಕೂತು ಎಣಿಸಿದೆ.
ನಡೆಯುವವರನ್ನೂ ಎಣಿಸಹೋದೆ ಸಾರ್,
ಹನ್ನೊಂದೂವರೆಗೇ ಪೆನ್ಸಿಲ್ ಸವೆಯಿತು.

ಅಷ್ಟರಲ್ಲಿ ಮಳೆ.
ನಮ್ಮೂರಿನದು ಅಪ್ಪಣೆ ಕೇಳಿ ಬರುವ ಮಳೆಯಲ್ಲ.
ಹಾಳೆ ಸುತ್ತಿ ಅಂಗಿಯೊಳಗೆ ತುರುಕಿ ಕೊಡೆ ಬಿಚ್ಚಿದೆ,
ಅವಳೂ ಬಿಚ್ಚಿದಳು.
ಆಯಿಷುಮ್ಮನ ಅಂಗಡಿ ಮುಂದಿನ ಚಪ್ಪಡಿಯ ಮೇಲೆ
ಕಡ್ಡಿಗೆ ಕಡ್ಡಿ ಸಿಕ್ಕಿಕೊಂಡಿತು.
ನಾನು ಸರಿದರೆ ಮೋರಿ,
ಅವಳು ಸರಿದರೆ ಮರದ ಲಾರಿ.

ಆಯಿಷುಮ್ಮ ಮೀನಿನ ಕತ್ತಿ ಒರೆಸುತ್ತ ನಕ್ಕಳು:
ಇಲ್ಲಿ ದಿನಾ ಹೀಗೇ. ಒಬ್ಬರು ಕೊಡೆ ಎತ್ತಬೇಕು,
ಒಬ್ಬರು ಬಗ್ಗಬೇಕು.
ಯಾರು ಬಗ್ಗೋದು ಅನ್ನೋದು
ಆಸಾಮಿ ನೋಡಿ ತೀರ್ಮಾನ.

ಟೇಪಿನ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ.
ಕೊಡೆಯಂಚಿನಿಂದ ಕೊಡೆಯಂಚಿಗೆ
ಎರಡು ಮೀಟರ್ ಹತ್ತು.
ನಾನು ಕೂಗಿದೆ, ಅವಳು ಅಂಗೈಯಲ್ಲಿ ಬರೆದುಕೊಂಡಳು.

ಆಮೇಲೆ ಅವಳು ನೀರು ನೋಡಿದಳು.
ಕೆಂಪು ನೀರು, ಸಿಗಡಿ ಸಿಪ್ಪೆ, ಒಂಟಿ ಚಪ್ಪಲಿ,
ಎಲ್ಲಾ ಬಂದು ಸುಳಿ ತಿರುಗುತ್ತಿದ್ದದ್ದು
ಸರಿಯಾಗಿ ಅವಳ ಬೆಂಚಿನ ಜಾಗದಲ್ಲಿ.
ನಾನೇನೂ ಹೇಳಲಿಲ್ಲ.
ಬೆಂಚು ತೆಗೀತೀನಿ, ಅಂದಳು.
ಬೇಡ, ಮೇಲಕ್ಕೆ ಒಯ್ಯೋಣ, ಹಲಸಿನ ಬುಡಕ್ಕೆ,
ಅಲ್ಲಿ ಮೋರಿಗೆ ಮುಚ್ಚಳ ಹಾಕಿಸುತ್ತೇನೆ, ಅಂದೆ.
ಮರಕ್ಕೆ ಒಂದು ಹೆಸರೂ ಸಿಕ್ಕಿತು.

ಎರಡು ತಿಂಗಳಿಗೆ ಮಡಿಕೇರಿಯಿಂದ ಕಡತ ವಾಪಸು.
ಅಂಚಿನಲ್ಲಿ ಕೆಂಪು ಶಾಯಿ:
ಅಗಲಕ್ಕೆ ಆಧಾರವೇನು?
'ಎರಡು ಕೊಡೆ' ಎಂಬುದು ಯಾವ ಕೈಪಿಡಿಯ ಅಳತೆ?

ಇಪ್ಪತ್ತಾರು ವರ್ಷದ ನೌಕರಿ,
ಸಮಜಾಯಿಷಿ ಬರೆದು ಬರೆದು ಬೆರಳು ಗಂಟು ಕಟ್ಟಿದೆ.
ಇದಕ್ಕೆ ಮಾತ್ರ ಮೂರು ದಿನ ಪೆನ್ನು ಏಳಲಿಲ್ಲ.
ಏನು ಬರೀತೀರಿ ಸಾರ್, ಬೊಳ್ಳಮ್ಮನ ಫೋನು.
ಕಿಟಕಿಯಾಚೆ, ಕೆಳಗೆ, ಮೀನುಪೇಟೆಯಲ್ಲಿ
ಯಾರೋ ಕೊಡೆ ಎತ್ತಿದರು,
ತಲೆಯ ಮೇಲೆ ಬುಟ್ಟಿ ಹೊತ್ತವಳೊಬ್ಬಳು
ಬುಟ್ಟಿ ಸಮೇತ ಬಗ್ಗಿದಳು.

ನಿನ್ನ ಆ ಚಿತ್ರ ಇನ್ನೊಮ್ಮೆ ಕಳಿಸು, ಅಂದೆ.
ಬಿಸಿಲು ತೆಗೆದು.