ಲೆಕ್ಕಕ್ಕಿಲ್ಲದ ಸುತ್ತುಗಳು

ಮೊದಲ ಎರಡು ಸುತ್ತು ಲೆಕ್ಕಕ್ಕಿಲ್ಲ, ಕಡೆಯವೆರಡೂ ಇಲ್ಲ.
ವಾಚು ಬಿಚ್ಚಿ ಜೇಬಿಗೆ ಹಾಕಿಕೊಂಡೇ
ಅವನ್ನು ಓಡಿಸುತ್ತಿದ್ದ ಚಿಕ್ಕಮರಿಯಣ್ಣ.

ಕೋಚಲ್ಲ ಆತ. ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರಿನವನು.
ರಾತ್ರಿಪಾಳಿ ಮುಗಿಸಿ, ಹುಬ್ಬಿನ ಬೂದಿ ಹಾಗೇ ಇಟ್ಟುಕೊಂಡು
ಸೈಕಲ್ಲನ್ನು ಸ್ಟೇಡಿಯಮ್ಮಿನ ಗೋಡೆಗೆ ಒರಗಿಸುವ ಹೊತ್ತಿಗೆ
ಮಂಡ್ಯದ ಮೇಲೆ ಕಾಕಂಬಿಯ ವಾಸನೆ
ಒದ್ದೆ ಕಂಬಳಿಯ ಹಾಗೆ ಬಿದ್ದಿರುತ್ತಿತ್ತು.
ನಾವು ಐದು ಜನ: ಹೊಳಲಿನ ಶಶಿರೇಖ, ಗುತ್ತಲು ರಸ್ತೆಯ ನಸೀಮ,
ಇಬ್ಬರು ಹಾಸ್ಟೆಲಿನವರು, ನಾನು.
ಇಬ್ಬರ ಕಾಲಲ್ಲಿ ಮಾತ್ರ ಬೂಟು.

"ಈಗ್ಲೇ ಹಾರ್ಬ್ಯಾಡ್ರವ್ವ, ನಿಧಾನ.
ತಣ್ಣಗಿರೋ ಬಾಯ್ಲರ್‌ಗೆ ಒಂದೇ ಸಲ ಬೆಂಕಿ ಕೊಟ್ರೆ
ಕೊಳವೆ ಸೀಳ್ಕತವೆ.
ಮೊದ್ಲು ಸೌದೆ. ಆಮ್ಯಾಕೆ ರಚ್ಚು. ಆಮ್ಯಾಕಲ್ವಾ ಆವಿ?"

ಮಾತಾಡಿಕೊಂಡು ಓಡಬೇಕು, ಅದು ಆತನ ಅಳತೆ.
ಮಾತು ತುಂಡಾದರೆ ಜೋರಾಯ್ತೆಂದು ಅರ್ಥ.
ಹಾಗಾಗಿ ನಮ್ಮ ಮೊದಲ ಸುತ್ತುಗಳ ತುಂಬ
ನಸೀಮಳ ಅಕ್ಕನ ನಿಶ್ಚಿತಾರ್ಥ,
ಹಾಸ್ಟೆಲಿನ ಉಪ್ಪಿಟ್ಟಲ್ಲಿ ಸಿಕ್ಕ ಗುಂಡುಪಿನ್ನು,
ಲೆಕ್ಕದ ಮೇಷ್ಟ್ರ ಹೊಸ ಮೀಸೆ.
ಆಮೇಲೆ ಮಂಡಿ ಎತ್ತಿ, ಹಿಮ್ಮಡಿ ಕುಂಡೆಗೆ ತಾಗಿಸಿ,
ಅರವತ್ತು ಮೀಟರು ನಾಲ್ಕು ಸಲ, ಸಲಕ್ಕೊಂಚೂರು ಬಿಗಿಯಾಗಿ.
ಮೈ ಎಲ್ಲೋ ಒಂದು ಕಡೆ ಒಪ್ಪಿಕೊಳ್ಳುತ್ತಿತ್ತು.
ಅದು ಯಾವ ಹೆಜ್ಜೆಯಲ್ಲೆಂದು ಇವತ್ತಿಗೂ ಹಿಡಿಯಲಾಗಿಲ್ಲ.

ಒಂದೇ ಸಲ ತಪ್ಪಿಸಿದೆ.
ಜಿಲ್ಲಾ ಮಟ್ಟದ ನಾನೂರು, ಡಿಸೆಂಬರು, ಬಸ್ಸು ತಡ,
ಹೆಸರು ಕೂಗುತ್ತಿದ್ದರು, ಸ್ವೆಟರು ಕಿತ್ತೆಸೆದು ಗೆರೆಗೆ ನಿಂತೆ.
ಇನ್ನೂರರ ತಿರುವಿನಲ್ಲಿ ತೊಡೆಯ ಹಿಂದೆ
ಕಬ್ಬು ಮುರಿದ ಸದ್ದು.
ನನಗೊಬ್ಬಳಿಗೇ ಕೇಳಿಸಿದ್ದು.
ಆತ ಬೈಯಲಿಲ್ಲ. ಟವಲಿನಲ್ಲಿ ಐಸು ಕಟ್ಟಿ ತಂದ,
ಮೀನಿನಂಗಡಿಯದು. ವಾರವೆಲ್ಲ ನನ್ನ ಕಾಲು ಮೀನುನಾತ.

ಆತನಿಗೆ ಸಿಟ್ಟು ಬರುತ್ತಿದ್ದುದು ಕೊನೆಯಲ್ಲಿ.
ಗೆರೆ ದಾಟಿದವಳು ಧೊಪ್ಪನೆ ಕೂತರೆ ಸಾಕು,
"ಏಯ್, ಕುಂತ್ಕಬ್ಯಾಡ! ಎದ್ದೇಳು, ನಡಿ ನಡಿ.
ರಕ್ತ ಕಾಲಲ್ಲೇ ನಿಂತೋಯ್ತದೆ, ತಲೆಗೆ ಯಾರು ತಲುಪ್ಸೋರು?
ಬೆಂಕಿ ಎಳುದ್‌ಮ್ಯಾಲೂ ನೀರು ಬುಡ್ತಾ ಇರ್ಬೇಕು ಕಣ್ ಮೊಗ."
ಗೆದ್ದವಳು, ಸೋತವಳು, ಅಳುತ್ತಿದ್ದವಳು
ಎಲ್ಲರೂ ಒಂದೇ ನಿಧಾನದಲ್ಲಿ ಎರಡು ಸುತ್ತು,
ಬೆವರು ಉಪ್ಪಾಗುವವರೆಗೆ,
ಮಾತು ಮತ್ತೆ ಇಡಿಯಾಗುವವರೆಗೆ.

ಅಂಥವನನ್ನು ಒಂದು ಬುಧವಾರ ನಿಲ್ಲಿಸಿದರು.
ಗೇಟಿಗೆ ಅಂಟಿಸಿದ ಹಾಳೆ, ಅಷ್ಟೆ. ಮೂವತ್ತು ಹೆಸರು.
ಮರುದಿನ ಆರಕ್ಕೆ ಬಂದ, ಹುಬ್ಬಲ್ಲಿ ಬೂದಿಯಿಲ್ಲದೆ;
ಒಂದು ಕ್ಷಣ ಗುರುತೇ ಹತ್ತಲಿಲ್ಲ.
ಆ ದಿನ ಗೆರೆಯ ಬಳಿ ನಿಲ್ಲಲಿಲ್ಲ ಆತ.
ಹೊರಗಿನ ಲೇನಿನಲ್ಲಿ ಚಪ್ಪಲಿ ಎಳೆಯುತ್ತ
ನಡೆಯತೊಡಗಿದ. ನಾವು ಮುಗಿಸಿ ಹೊರಟಾಗಲೂ ನಡೆಯುತ್ತಿದ್ದ.
ಎಷ್ಟು ಸುತ್ತು, ಯಾರೂ ಎಣಿಸಲಿಲ್ಲ.

ನನಗೀಗ ನಲವತ್ತಾರು. ಡಿಪೋದಲ್ಲಿ ಕಂಡಕ್ಟರು.
ಮೈಸೂರಿನ ಕೊನೇ ಟ್ರಿಪ್ಪು ಇಲ್ಲದ ದಿನಗಳಲ್ಲಿ ಓಡುತ್ತೇನೆ.
ಮೊನ್ನೆ ಪೊಲೀಸು ಆಯ್ಕೆಗೆ ತಯಾರಾಗುವ ಹುಡುಗನೊಬ್ಬ
ಸಾವಿರದಾರುನೂರು ಮುಗಿಸಿ ಅಂಗಾತ ಬಿದ್ದುಕೊಂಡ.
"ಏಯ್" ಅಂದೆ. ಆಮೇಲಿನದು ತಾನಾಗಿ ಬಂತು,
ಆತನದೇ ದನಿಯಲ್ಲಿ.
ಹುಡುಗ ನನ್ನ ಬಿಳಿ ಕೂದಲು ನೋಡಿ, ಮರ್ಯಾದೆಗೆ ಎದ್ದು ನಡೆದ.

ಮಗಳು ಕೊಡಿಸಿದ ವಾಚು ಎದೆಬಡಿತವನ್ನೂ ಎಣಿಸುತ್ತದೆ.
ಕಡೆಯ ಎರಡು ಸುತ್ತಿಗೆ ಅದನ್ನು ಬಿಚ್ಚುತ್ತೇನೆ.
ಈ ಪ್ಯಾಂಟಿಗೆ ಜೇಬಿಲ್ಲ, ಮುಷ್ಟಿಯಲ್ಲೇ ಹಿಡಿದಿರುತ್ತೇನೆ:
ಮಣಿಕಟ್ಟಿನ ಬಿಸಿ ಅದರಲ್ಲಿನ್ನೂ ಇರುತ್ತದೆ,
ಗುತ್ತಲು ಕಡೆಯ ತಿರುವಿನ ಹೊತ್ತಿಗೆ
ಆರಿರುತ್ತದೆ.