ಹನಕೆರೆ ಗೇಟಿನಲ್ಲಿ, ಮೂರನೇ ಸಲ

ಮತ್ತೆ ಅದೇ ಜಾಗ.
ಎರಡು ಸಲ ಕೆಮ್ಮಿ, ಒಂದು ಸಲ ಮೈ ನಡುಗಿಸಿ
ನಿಂತುಬಿಟ್ಟಿತು ಮೊಂಡು ಮೂತಿಯ ಲಾರಿ,
ಬೆನ್ನ ಮೇಲೆ ಗುಡ್ಡದಷ್ಟು ರಚ್ಚು.

ಯಾವ ಯುದ್ಧಕ್ಕೆ ಹೋಗಿ ಬಂತೋ, ಗೊತ್ತಿಲ್ಲ.
ಬಾಗಿಲ ಒಳಮೈಯಲ್ಲಿ, ಬಣ್ಣದ ಪದರಗಳಡಿ,
ನಾಲ್ಕು ಬಿಳಿ ಅಂಕಿ ಉಳಿದಿವೆ.
ಹರಾಜಿನ ಚೀಟಿಯಲ್ಲಿ ತಾತನ ಹೆಬ್ಬೆಟ್ಟು.
ಆಮೇಲೆ ಕಲ್ಲು, ಆಮೇಲೆ ಕಬ್ಬು,
ಈಗ ಆಲೆಮನೆ ಒಲೆಗೆ ಉರುವಲು.

ಪಂಪೇ, ಅಂದೆ ನಾನು.
ಮೊದಲ ಸಲವೂ ಅದನ್ನೇ ಅಂದಿದ್ದೆ.
ಎಂಜಿನ್ನಿನ ಪಕ್ಕೆ ಕಚ್ಚಿಕೊಂಡ ಮುಷ್ಟಿಗಾತ್ರದ್ದು;
ಒಳಗೆ ಕ್ಯಾಮಿನ ಉಬ್ಬು ತಿವಿದಾಗೆಲ್ಲ ತೋಳಾಡಿಸಿ
ಟ್ಯಾಂಕಿನಿಂದ ಗುಟುಕು ಗುಟುಕು ಎಳೆದು
ಕಾರ್ಬುರೇಟರಿಗೆ ಕುಡಿಸುವುದಷ್ಟೇ ಅದರ ಪಾಡು.
ಎರಡು ಭಾನುವಾರ ಅದರ ಎದೆ ಬಿಚ್ಚಿದ್ದೇನೆ.
ಗಾಜಿನ ಬಟ್ಟಲಲ್ಲಿ ಚಿಟಿಕೆ ತುಕ್ಕು, ಸಾಸಿವೆಯಷ್ಟು ನೀರು:
ಸಿಕ್ಕಿದ ಕಳ್ಳ ಎಂದು ತೊಳೆದೆ.
ಮುಂದಿನ ವಾರ ಹೊಸ ಡಯಾಫ್ರಮ್ಮು,
ಮೈಸೂರಿನ ಮಂಡಿ ಮೊಹಲ್ಲಾ ಜಾಲಾಡಿಸಿ ತರಿಸಿದ್ದು.
ಹಳೆಯದನ್ನು ಬಿಸಿಲಿಗೆ ಹಿಡಿದೆ,
ಸೂಜಿಮೊನೆಯಷ್ಟೂ ಬೆಳಕು ತೂರಲಿಲ್ಲ.
ಆದರೂ ಎಸೆದೆ.

ಗುತ್ತಲಿನಿಂದ ಬಂದರು ಇನಾಯತ್ ಮಾಮು,
ಮೊಪೆಡ್ಡು ಓಡಿಸಿದವಳು ಮೊಮ್ಮಗಳು ರುಖಿಯಾ.
ಮಾಮುಗೆ ಈಗ ಕಣ್ಣು ಮಂಜು, ಕಿವಿ ಚುರುಕು.
"ಅರ್ಧ ಗಂಟೆ ಬಿಟ್ಟರೆ ತಾನೇ ಹೊರಡ್ತದಾ?"
ಹೂಂ.
"ಬಂದು ಇಲ್ಲೇ ನಿಲ್ತದಾ?"
ಹೂಂ.
ಬೀಡಿ ಬಾಯಿಗಿಟ್ಟು, ಪೆಟ್ರೋಲ್ ನೆನಪಾಗಿ,
ಮತ್ತೆ ಜೇಬಿಗಿಟ್ಟರು.

ಪಂಪಿನ ಕೈಗೊಕ್ಕೆ ಒತ್ತಿದೆ. ಸಡಿಲ, ಜೀವವೇ ಇಲ್ಲ.
"ನೋಡಿ, ಸತ್ತೋಗದೆ."
"ಸತ್ತಿಲ್ಲ ಕಣೋ. ಉಬ್ಬು ಮೇಲೆ ಬಂದು ನಿಂತದೆ,
ತೋಳು ಆಗಲೇ ಎತ್ತಿದ ಹಂಗೇ ಅದೆ.
ಹ್ಯಾಂಡ್ಲು ಹಾಕಿ ಒಂದು ಸುತ್ತು ತಿರುಗಿಸು."
ತಿರುಗಿಸಿದೆ. ಬೆರಳಿಗೆ ಬಿಗಿ ಸಿಕ್ಕಿತು.
ಮುಂದಿನ ಪೈಪು ಕಳಚಿ ಲೋಟ ಹಿಡಿದಳು ರುಖಿಯಾ:
ಮೊದಲು ನೂಲೆಳೆ, ಆಮೇಲೆ ಉಗುಳು, ಆಮೇಲೆ ಏನೂ ಇಲ್ಲ.

ಮಾಮು ಟ್ಯಾಂಕಿನ ಕೊಳವೆ ಬಿಡಿಸಿ
ಬಾಟಲಿಯ ಪೆಟ್ರೋಲಿಗೆ ಬೇರೆ ಕೊಳವೆ ಅದ್ದಿಸಿದರು.
ಗೊಕ್ಕೆ ಒತ್ತಿದ್ದೇ ತಡ,
ಕರು ಬಿಟ್ಟ ಹಸುವಿನ ಹಾಗೆ
ಜರ್ರೆಂದು ಲೋಟ ತುಂಬಿ ನನ್ನ ಕಾಲಿಗೂ ಬಿತ್ತು.
"ಪಂಪಿಗೆ ಏನಾಗದೆ, ಈಗ ಹೇಳು."
ನಾನು ಹೇಳಲಿಲ್ಲ.

"ಮುಚ್ಚಳ ತೆಗಿಯಮ್ಮ," ಎಂದು
ಟ್ಯಾಂಕಿಗೆ ಕಿವಿ ಕೊಟ್ಟು ನಿಂತರು.
ಹುಸ್ಸ್... ಒಳಗೆಳೆದುಕೊಂಡಿತು ಟ್ಯಾಂಕು
ಆಲೆಮನೆಯಿಂದ ಕಟ್ಟಿಕೊಂಡು ಬಂದ ಉಸಿರನ್ನು,
ಇಳಿ ಬಿಸಿಲಿನ, ರಚ್ಚಿನ ಧೂಳಿನ ಗಾಳಿಯನ್ನು.

ಮುಚ್ಚಳದ ನಡುವೆ ಉಗುರಾಡಿಸಿದಳು ರುಖಿಯಾ,
ಮಿಲಿಟರಿ ಹಸಿರು ಹೆಕ್ಕಳಿಕೆ ಎದ್ದಿತು.
"ಗಾಳಿ ತೂತಿಗೆ ಬಣ್ಣ ಬಳಿದೋರು ಯಾರು?"

ಆಯುಧಪೂಜೆಯ ಹಿಂದಿನ ರಾತ್ರಿ,
ಮುಚ್ಚಳವನ್ನು ಮೊಣಕಾಲ ಮೇಲಿಟ್ಟುಕೊಂಡು
ಎರಡು ಕೋಟು, ತೆಳ್ಳಗೆ, ಎಳ್ಳಷ್ಟೂ ಸೋರದಂತೆ
ಬಳಿದವನು ನಾನು.

ದುಪಟ್ಟಾದ ಪಿನ್ನು ಬಿಚ್ಚಿ ಚುಚ್ಚಿದಳು, ಅಷ್ಟೇ.
ಪೈಪುಗಳು ತಮ್ಮ ಜಾಗ ಸೇರಿದವು, ಎಂಜಿನ್ನು ಹಿಡಿಯಿತು.
ಮಾಮು ಇನ್ನೂರು ತೆಗೆದುಕೊಂಡರು,
ಪಿನ್ನಿಗೆ ಐದು ರೂಪಾಯಿ ಬೇರೆ.
ಹೊರಡುವಾಗ ಕೇಳಿದರು:
"ಹಳೇ ಡಯಾಫ್ರಮ್ಮು ಎಲ್ಲಿ ಹಾಕ್ದೆ?
ಹೊಸ ಮಾಲು ಅಂಥದ್ದು ಬರಲ್ಲ ಈಗ."

ರಾತ್ರಿ, ಕೊಪ್ಪರಿಗೆ ಇಳಿಸಿದ ಮೇಲೆ,
ಆಲೆಮನೆ ಹಿತ್ತಲ ಬೂದಿ ಗುಡ್ಡೆಯಲ್ಲಿ
ಕೋಲು ಹಿಡಿದು ಕೆದಕುತ್ತಿದ್ದೇನೆ,
ಟಾರ್ಚು ಬಾಯಲ್ಲಿ ಕಚ್ಚಿಕೊಂಡು.